ಜೀವವಿಲ್ಲದ ತಳ

ಸೋಮವಾರ ಸಾರ್ವಜನಿಕ ವಿಚಾರಣೆ. ಅಷ್ಟರೊಳಗೆ ಕಡಲಡಿಯ ಗುಹೆಯ ಚಿತ್ರ ಕೈಗೆ ಬರಬೇಕು. ಬಾರದಿದ್ದರೆ ಬಂದರಿನಿಂದ ತೆಗೆದ ಹೂಳನ್ನೆಲ್ಲ ತಂದು ಆ ಗುಹೆಯ ಬಾಯಿಗೇ ಸುರಿಯುತ್ತಾರೆ.

ತಂಗಿಯ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿ ಬರೀ ಗುಹೆಗಾಗಿ ಅಲ್ಲ. ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ವಿಜ್ಞಾನಿಯಾಗಿ ದುಡಿದವಳು ಅವಳು. ಆ ಗುಹೆಯಲ್ಲಿ ಆಕ್ಟೋಪಸ್‌ಗಳು ಮೊಟ್ಟೆಯಿಡುತ್ತವೆ ಎಂದು ವರದಿ ಬರೆದಿದ್ದಳು. ನಿರ್ದೇಶಕರು ಅದನ್ನು ‘ಜೀವವಿಲ್ಲದ ತಳ’ ಎಂದು ತಿದ್ದಿ, ಕೆಳಗೆ ಅವಳದೇ ಹೆಸರು ಹಾಕಿ ಕಳಿಸಿಬಿಟ್ಟರು. ಕೇಳಲು ಹೋದರೆ, "ವರದೀನ ಯಾರಮ್ಮ ಓದ್ತಾರೆ?" ಎಂದು ನಕ್ಕರು. ಅವಳು ಕೆಲಸಕ್ಕೆ ರಾಜೀನಾಮೆ ಬಿಸಾಕಿ ಕ್ಯಾಮೆರಾ ಹಿಡಿದಳು. ಓದದಿದ್ದರೆ ಬೇಡ, ಕಣ್ಣಾರೆ ನೋಡಲಿ. ತುಂಬಿದ ಸಭೆಯಲ್ಲಿ ಆ ಮನುಷ್ಯನ ಮುಖ ಇಂಗು ತಿಂದ ಮಂಗನಂತಾಗಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ದೋಣಿ ಅಕ್ಕನದು. ಜೊತೆಗೆ ಇಳಿಯುವವನು ಬಾವ. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು ಅವನ ಕಸುಬು.

"ಬಾವ, ಈ ಸಲ ಬರಿಗೈಲಿ ಬರಲ್ಲ."

"ಬರೀ ನನ್ನ ಹೆಣ ಹೊತ್ಕೊಂಡು ಬರಬೇಡ ತಾಯಿ, ಸಾಕು," ಎಂದು ಬಾವ ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡು ನಗುತ್ತ ನೀರಿಗೆ ಹಾರಿದ. ತಂಗಿ ಕ್ಯಾಮೆರಾ ಚಾಲೂ ಮಾಡಿ, ಜಾಗ ತೋರಿಸುವ ದೋಣಿಯ ಜಿಪಿಎಸ್ ಯಂತ್ರವನ್ನು ಮೊದಲು ಚಿತ್ರಿಸಿಕೊಂಡು ಹಿಂದೆಯೇ ಹಾರಿದಳು.

ಮೇಲೆ ಹಸಿರಾಗಿದ್ದ ನೀರು ಕೆಳಗಿಳಿದಂತೆ ನೀಲಿಯಾಯಿತು, ಆಮೇಲೆ ಮಸುಕಾಯಿತು. ಬಂಡೆಯ ಮೇಲೆಲ್ಲ ಬೀಸಣಿಗೆಯಂಥ ಹವಳಗಳು ಅಲೆಯ ಎಳೆತಕ್ಕೆ ಒಂದೇ ಕಡೆ ಬಾಗಿ ಏಳುತ್ತಿದ್ದವು. ಹಳದಿ ಮೀನಿನ ಹಿಂಡೊಂದು ಇಬ್ಬರ ನಡುವೆಯೇ ತೂರಿಹೋಯಿತು. ಬಂಡೆಯ ಬುಡದಲ್ಲಿ ಗುಹೆ ಕಪ್ಪಗೆ ಬಾಯಿ ತೆರೆದಿತ್ತು. ಹಗ್ಗದ ತುದಿಯನ್ನು ಹೊರಗೆ ಕಟ್ಟಿ ಇಬ್ಬರೂ ಒಳಗೆ ನುಗ್ಗಿದರು.

ಗೋಡೆಯ ಸೀಳುಗಳ ಬಾಯಿಗೆಲ್ಲ ಚಿಪ್ಪು ಒಟ್ಟಿತ್ತು. ಗೂಡುಗಳು! ಆದರೆ ಒಂದು ಆಕ್ಟೋಪಸ್ಸೂ ಹೊರಗೆ ಇಣುಕಲಿಲ್ಲ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಚಿತ್ರ ತೆಗೆಯಬೇಕಾದವಳು ಅಳತೆ ಟೇಪು ಬಿಚ್ಚಿ ಒಂದೊಂದೇ ಗೂಡನ್ನು ಅಳೆಯುತ್ತ ಕೂತಳು. ಬಾವ ಅವಳ ತೋಳು ಜಿಗುಟಿ ಗಾಳಿಯ ಮಾಪಕ ತೋರಿಸಿದ. ಮೇಲೆ ಹೋಗೋಣ ಎಂದು ಹೆಬ್ಬೆರಳೆತ್ತಿದ. ಅವಳು ತಲೆ ಅಲ್ಲಾಡಿಸಿದಳು. ಇನ್ನು ಸ್ವಲ್ಪ!

ಬಾವ ಸರಕ್ಕನೆ ತಿರುಗಿದ. ಕಾಲಿಗೆ ಹಳೆಯ ಬಲೆ ಸಿಕ್ಕಿಕೊಂಡಿತು.

ಒದ್ದ. ಬಲೆ ಬಿಗಿಯಿತು. ಕೆಸರೆದ್ದು ಕಣ್ಣಿಗೆ ಕತ್ತಲೆ ಕವಿಯಿತು.

ಬಲೆ ಕತ್ತರಿಸಲು ಎರಡೂ ಕೈ ಬೇಕು. ಅವಳ ಕೈಯಲ್ಲಿ ಕ್ಯಾಮೆರಾ ಇತ್ತು. ಒಂದು ಗಳಿಗೆ ಅದನ್ನು ಬಿಡಲು ಮನಸ್ಸು ಬರಲಿಲ್ಲ, ನಿಜ. ಬಾವನ ಕೈ ಅವಳ ಭುಜವನ್ನು ಗಟ್ಟಿಯಾಗಿ ಹಿಡಿಯಿತು. ಹಾಳಾಗಿ ಹೋಗಲಿ ಸೇಡು! ಕ್ಯಾಮೆರಾವನ್ನು ಕೈಗೆ ಸಿಕ್ಕ ಬಂಡೆಯ ಸಂದಿಗೆ ತುರುಕಿ ಚಾಕು ಹಿರಿದಳು. ಕೊಯ್ದಳು, ಎಳೆದಳು, ಮತ್ತೆ ಕೊಯ್ದಳು. ಬಲೆ ಕಳಚುವಷ್ಟರಲ್ಲಿ ಬಾವನ ಗಾಳಿ ಮುಗಿಯಿತು. ತನ್ನದೇ ಗಾಳಿಯನ್ನು ಅವನೊಂದಿಗೆ ಹಂಚಿಕೊಂಡು, ಹಗ್ಗ ತಡವುತ್ತ ಹೊರಬಿದ್ದಳು.

ದೋಣಿಯಲ್ಲಿ ಅಕ್ಕ ಒದ್ದೆ ಟವೆಲಿನಿಂದಲೇ ಇಬ್ಬರಿಗೂ ಬಾರಿಸಿದಳು.

"ನಿನ್ನ ಸೇಡಿಗೆ ನನ್ನ ಗಂಡನೇ ಬೇಕಿತ್ತೇನೇ?"

"ತಪ್ಪಾಯ್ತು ಅಕ್ಕ," ಎಂದು ತಂಗಿ ಬಿಕ್ಕಿದಳು.

ಬಾವ ಕೆಮ್ಮುತ್ತಲೇ, "ಬಯ್ಯೋದಾದ್ರೆ ಆ ನಿರ್ದೇಶಕನ್ನ ಬಯ್ಯೇ. ಕ್ಯಾಮೆರಾ ಎಲ್ಲಿ?" ಎಂದ.

"ಅಲ್ಲೇ ಉಳೀತು."

ಅಕ್ಕ ಇಂಜಿನ್ ಚಾಲೂ ಮಾಡಿದಳು. "ನಾಳೆ ಬರೋಣ. ಹಗ್ಗ ನನ್ನ ಕೈಲಿರುತ್ತೆ. ಜಗ್ಗಿದ ತಕ್ಷಣ ಮೇಲೆ ಬರಬೇಕು. ಬರ್ಲಿಲ್ಲ ಅಂದ್ರೆ ನಾನೇ ಇಳಿದು ಕಿವಿ ಹಿಂಡ್ತೀನಿ."

ಮರುದಿನ ಅಲೆ ಜೋರಾಗಿತ್ತು. ಬಾವ ಗುಹೆಯ ಬಾಯಲ್ಲಿ ಕಾದು ನಿಂತ. ತಂಗಿ ಒಳಗೆ ತೆವಳಿ, ಕ್ಯಾಮೆರಾ ಕಿತ್ತುಕೊಂಡು, ಹಗ್ಗ ಜಗ್ಗುವ ಮೊದಲೇ ಹೊರಬಂದಳು. ಟೇಪನ್ನು ಮುಟ್ಟಲೂ ಇಲ್ಲ.

ಮನೆಗೆ ಬಂದು ಹಾಕಿ ನೋಡಿದರೆ, ಬ್ಯಾಟರಿ ಮುಗಿಯುವವರೆಗೂ ಕ್ಯಾಮೆರಾ ಓಡಿತ್ತು, ಅದರ ದೀಪವೂ ಉರಿದಿತ್ತು. ಕೆಸರು ಇಳಿದ ಮೇಲೆ ಎದುರಿನ ಗೂಡಿನಿಂದ ಒಂದು ತೋಳು ಬಂದು ಚಿಪ್ಪುಗಳನ್ನು ಒಂದೊಂದಾಗಿ ಸರಿಸಿತ್ತು. ತಾಯಿ ಆಕ್ಟೋಪಸ್! ಗೂಡಿನ ಚಾವಣಿಯ ತುಂಬ ಮೊಟ್ಟೆಯ ಗೊಂಚಲು.

"ನೀನು ತೊಲಗಿದ ಮೇಲೇ ಬಾಗಿಲು ತೆಗೆದಿದೆ ನೋಡು," ಎಂದ ಬಾವ.

ಸೋಮವಾರ ಸಭಾಂಗಣ ಕಿಕ್ಕಿರಿದಿತ್ತು. ನಿರ್ದೇಶಕರು ಬಿಳಿ ಅಂಗಿ ತೊಟ್ಟು ಬಂದು, "ಅದು ಜೀವವಿಲ್ಲದ ತಳ" ಎಂದು ಓದಿ ಮುಂದಿನ ಸಾಲಿನಲ್ಲಿ ಕೂತರು. ಆಮೇಲೆ ತಂಗಿ ಪರದೆಯ ಮೇಲೆ ಚಿತ್ರ ಹಾಕಿದಳು. ದೋಣಿಯ ಜಿಪಿಎಸ್ ಯಂತ್ರ ತೋರಿಸಿದ ಜಾಗದ ಗುರುತಿನಿಂದ ಹಿಡಿದು ಗೂಡಿನವರೆಗೆ ಎಲ್ಲಿಯೂ ಕತ್ತರಿ ಆಡಿಸಿರಲಿಲ್ಲ, ಒಂದು ಮಾತೂ ಸೇರಿಸಿರಲಿಲ್ಲ.

ವಿಚಾರಣಾಧಿಕಾರಿ ಕನ್ನಡಕ ತೆಗೆದರು. "ಮರುಪರಿಶೀಲನೆ ಆಗೋವರೆಗೂ ಅಲ್ಲಿ ಒಂದು ಬುಟ್ಟಿ ಹೂಳೂ ಬೀಳಬಾರದು."

ನಿರ್ದೇಶಕರು ದಡಬಡನೆ ಎದ್ದರು. ಬಾಗಿಲು ಪರದೆಯ ಆಚೆ ಬದಿಯಲ್ಲಿತ್ತು. ಪರದೆಯ ಮುಂದೆ ಅವರು ಅರ್ಧ ದಾರಿ ಹೋಗಿದ್ದರಷ್ಟೆ, ಇನ್ನೂ ಓಡುತ್ತಿದ್ದ ಚಿತ್ರದಲ್ಲಿ ಮೊಟ್ಟೆಗಳು ಒಡೆದವು. ಅಕ್ಕಿಕಾಳಿನಷ್ಟು ಮರಿಗಳು ನೂರಾರು ಚಿಮ್ಮಿ ಬಂದು ಅವರ ಬಿಳಿ ಅಂಗಿಯ ಮೇಲೆ, ಮುಖದ ಮೇಲೆ, ಬೋಳು ತಲೆಯ ಮೇಲೆಲ್ಲ ಈಜಾಡಿದವು. ಅವರು ಪ್ರೊಜೆಕ್ಟರಿನ ಬೆಳಕಿಗೆ ಕೈ ಅಡ್ಡ ಹಿಡಿದರು. ಅಂಗೈ ಮೇಲೂ ಮರಿಗಳೇ.

ಸಭೆ ಬಿದ್ದು ಬಿದ್ದು ನಕ್ಕಿತು.

"ನಿಲ್ಲಿಸಮ್ಮ!" ಎಂದು ನಿರ್ದೇಶಕರು ಕೂಗಿದರು.

ತಂಗಿ ಕೈಕಟ್ಟಿ ನಿಂತಳು, ನಿಲ್ಲಿಸಲಿಲ್ಲ.