ಪರದೆಯ ಎಡಭಾಗದ ಹಳದಿ

ಭ್ರಮರಾಂಬ ಅವರ ಬಾಯೊಳಗೆ ಮೂಲದರ್ಶಕ ಯಂತ್ರದ ತಣ್ಣನೆಯ ತುದಿ ಹರಿದಾಡುತ್ತಿತ್ತು. ಎದುರಿನ ಪರದೆಯ ಮೇಲೆ ಅವರದೇ ಕೆಳಗಿನ ಒಸಡು ಮೊರದಗಲ ಹರಡಿಕೊಂಡು, ಉಗುಳಿನ ನೊರೆಯಲ್ಲಿ ತೊಯ್ದು ಹೊಳೆಯುತ್ತಿತ್ತು. ಬಲಕ್ಕೆ ಕೆಂಪು, ನಡುವೆ ನೀಲಿ, ಎಡಕ್ಕೆ ಕೀವಿನಂಥ ಹಳದಿ.

ತುದಿಯನ್ನು ಹೊರತೆಗೆದೊಡನೆ ಅವರು ಕೇಳಿದರು. "ಆ ಹಳದಿ ಏನು ಡಾಕ್ಟ್ರೇ?"

ದಂತವೈದ್ಯೆ ಸಬೀಹಾ ತಡವರಿಸಿದರು. "ತಿಳ್ಕೊಳ್ಳಲೇಬೇಕಾ ಅಮ್ಮಾ?"

"ನನ್ನ ಬಾಯಿ ತಾನೇ?"

"ಹಂದೀದು. ನೀಲಿ ಇರೋದು ತೀರಿಕೊಂಡವರೊಬ್ಬರ ಚರ್ಮ. ಕೆಂಪು ಮಾತ್ರ ನಿಮ್ಮದು."

ಇದೇನೂ ಹೊಸ ಸುದ್ದಿಯಲ್ಲ. ಭ್ರಮರಾಂಬ ಮೈಸೂರಿನಲ್ಲಿ ಹೆಸರಾದ ಗಮಕಿ. ಒಸಡು ಜಾರಿ ಮೂರು ಹಲ್ಲುಗಳ ಬೇರು ಬಯಲಾಗಿತ್ತು. ಉಸಿರೆಳೆದರೆ ಸೂಜಿ ಚುಚ್ಚಿದಂತೆ ನೋವು. ಹಲ್ಲು ಹೋದರೆ ವಾಚನವೂ ಹೋದಂತೆ. ಅವರದೇ ಅಂಗುಳಿನಿಂದ ಕೊಯ್ದ ಮಾಂಸ ಒಂದೇ ಹಲ್ಲಿಗೆ ಸಾಕಾಗಿದ್ದರಿಂದ ಉಳಿದೆರಡಕ್ಕೆ ಹಂದಿಯದನ್ನೂ ಹೆಣದ್ದನ್ನೂ ಕಸಿ ಮಾಡಲು ಅವರೇ ಒಪ್ಪಿದ್ದರು. ಮೂರರಲ್ಲಿ ಯಾವುದು ಮೇಲೆಂದು ಹೋಲಿಸುವುದು ಸಬೀಹಾ ಅವರ ಸಂಶೋಧನೆಯಾಗಿತ್ತು. ಹಿಂದೆಲ್ಲ ಹೊಲಿಗೆಯ ಅಡಿಯಲ್ಲಿ ಏನಾಗುತ್ತಿದೆಯೆಂದು ತಿಳಿಯಬೇಕಾದರೆ ಮತ್ತೆ ಕೊಯ್ಯಬೇಕಿತ್ತು. ಮೂಲದರ್ಶಕವಾದರೋ ಬೆಳಕು ಹಾಯಿಸಿಯೇ, ಯಾವ ಎಳೆ ಯಾವ ದೇಹದ್ದೆಂದು ಗುರುತಿಸಿ ಬಣ್ಣ ಕಟ್ಟಿ ತೋರಿಸುತ್ತಿತ್ತು.

ಆದರೆ ಒಪ್ಪಿಗೆ ಕೊಡುವಾಗ ಕಿವಿಯಿಂದ ಕೇಳಿದ್ದು ಬೇರೆ, ಕಣ್ಣಾರೆ ಕಂಡದ್ದು ಬೇರೆ. ಹೆತ್ತ ಮಗುವಿನ ಎಂಜಲನ್ನೂ ಮುಟ್ಟದ ಹೆಂಗಸು ಅವರು. ಮನೆಗೆ ಬಂದು ಅನ್ನ ಕಲಸಿದರೆ ಕೊಚ್ಚೆಯ ವಾಸನೆ ಬಂದಂತಾಯಿತು. ನಾಲಿಗೆ ಒಸಡಿಗೆ ತಾಗಿದರೆ ಓಕರಿಕೆ. ತಮ್ಮ ಉಗುಳೇ ತಮಗೆ ಎಂಜಲಾಗಿ, ನುಂಗಲಾರದೆ ದಿನವಿಡೀ ಉಗಿದರು. ಸಭೆಯೊಂದರಲ್ಲಿ ಷಟ್ಪದಿಯ ನಡುವೆ ಬಾಯಿ ತುಂಬಿಬಂದು, ಶ್ರೋತೃಗಳ ಎದುರಿಗೇ ಲೋಟಕ್ಕೆ ಉಗುಳಿದರು. ಮುಂದಿನ ಸಾಲಿನವರು ಮುಖ ತಿರುಗಿಸಿದರು.

ಅಂದಿನಿಂದ ಅವರು ಕಲ್ಲುಪ್ಪು ಹಿಡಿದರು. ಹಳದಿ ಕಂಡ ಎಡಗಡೆಯ ಹಲ್ಲಿನ ಬುಡವನ್ನು ವಾರಗಟ್ಟಲೆ, ರಕ್ತ ಬರುವವರೆಗೂ ಬೆರಳಿನಿಂದ ತಿಕ್ಕಿದರು. ಅಲ್ಲಿಯ ಮಾಂಸ ಬೂದುಬಣ್ಣಕ್ಕೆ ತಿರುಗಿ, ನಾರತೊಡಗಿ, ಎಳೆಎಳೆಯಾಗಿ ಕಿತ್ತುಬಂತು. ತೊಲಗಿತು ಪೀಡೆ ಎಂದುಕೊಂಡು ಆಸ್ಪತ್ರೆಗೆ ಹೋದರು.

"ಹಂದೀದು ನಾನೇ ಕಿತ್ತೆ. ಹೆಣದ್ದನ್ನು ನೀವು ಕಿತ್ತುಬಿಡಿ."

ಬಾಯಿ ನೋಡಿದ ಸಬೀಹಾ ಮುಖಗವಸಿನ ಹಿಂದೆಯೂ ಉಸಿರು ಬಿಗಿಹಿಡಿದರು. "ಅಯ್ಯೋ, ಏನ್ ಮಾಡ್ಕೊಂಡ್ರಿ ಅಮ್ಮಾ! ಪರದೆ ಕನ್ನಡಿಯಲ್ಲ. ಎದುರಿಗೆ ಕೂತವರಿಗೆ ಕಾಣೋ ಹಾಗೆ ತೋರಿಸತ್ತೆ. ಅದರ ಎಡ ಅಂದ್ರೆ ನಿಮ್ಮ ಬಲ. ನೀವು ಕಿತ್ತಿರೋದು ನಿಮ್ಮ ಅಂಗುಳಿನ ಮಾಂಸ."

ಸಬೀಹಾ ಮತ್ತೆ ಯಂತ್ರ ಹಚ್ಚಿದರು. ಹಳದಿಯಾಗಲಿ ನೀಲಿಯಾಗಲಿ ಎಲ್ಲೂ ಇರಲಿಲ್ಲ. ಆ ಎರಡೂ ಕಡೆ ಒಸಡು ಕೆಂಪಗೆ, ಗಟ್ಟಿಯಾಗಿ ಹಲ್ಲನ್ನು ತಬ್ಬಿಕೊಂಡಿತ್ತು.

"ಅವೆಲ್ಲ ಎಲ್ಲಿಗೆ ಹೋದವು?"

"ಮನೆ ಕಟ್ಟೋವಾಗ ಸಾರುವೆ ನಿಲ್ಲಿಸ್ತಾರಲ್ಲ, ಹಾಗೆ ಅವು. ನಿಮ್ಮ ಜೀವಕೋಶಗಳು ಹತ್ತಿಕೊಂಡು ಬಂದು, ಅವನ್ನು ತಿಂದು ಅರಗಿಸಿಕೊಂಡು, ಅಲ್ಲಿ ನಿಮ್ಮದೇ ಒಸಡು ಕಟ್ಟಿವೆ."

"ತಿಂದವೇ? ಹಂದಿಯನ್ನೇ?"

"ಹೆಣವನ್ನೂ" ಎಂದುಬಿಟ್ಟ ಸಬೀಹಾ ನಾಲಿಗೆ ಕಚ್ಚಿಕೊಂಡರು.

ಭ್ರಮರಾಂಬ ತೊಟ್ಟಿಗೆ ಬಾಗಿ ವಾಂತಿ ಮಾಡಿದರು. ಹೊಟ್ಟೆಯಲ್ಲಿ ಏನೂ ಇಲ್ಲದೆ ಬರೀ ಪಿತ್ತ ಬಂತು. ತಲೆಯೆತ್ತಿದಾಗ ಪರದೆಯ ಮೇಲೆ ಕೊಳೆತು ಜೋತ ಬೂದು ಚೂರು ಕಂಡಿತು. ನಾರುತ್ತಿದ್ದುದು ಅದೊಂದೇ. ಅದು ಅವರದೇ.

"ಈ ಹಲ್ಲು ಉಳಿಯತ್ತಾ?"

"ಮತ್ತೆ ಕಸಿ ಮಾಡಿದ್ರೆ. ಆದ್ರೆ ಅಂಗುಳಿನಲ್ಲಿ ಇನ್ನು ತೆಗೆಯೋಕೆ ಏನೂ ಇಲ್ಲ. ಆ ಎರಡರಲ್ಲಿ ಒಂದಾಗಬೇಕು. ನಮ್ಮ ಮನೇಲೂ ಹಂದಿ ಅಂದ್ರೆ ಮೂಗು ಮುಚ್ಕೋತಾರೆ ಅಮ್ಮಾ. ನಾನು ದಿನಾ ಮುಟ್ತೀನಿ. ಬೇಡ ಅಂದ್ರೆ ಬಲವಂತ ಇಲ್ಲ."

ಭ್ರಮರಾಂಬ ಸೆರಗಿನಿಂದ ತುಟಿ ಒರೆಸಿಕೊಂಡರು.

"ಸತ್ತವರು ಯಾರ ಮನೆಯವರೋ, ಏನೋ. ಅವರನ್ನು ಇನ್ನೊಂದು ಸಲ ತಿನ್ನಲಾರೆ. ಹಂದೀದೇ ಹಾಕಿ."

ಗಂಟಲಲ್ಲಿ ಮತ್ತೆ ಪಿತ್ತ ಏರಿತು. ಅದನ್ನು ಉಗುಳದೆ ನುಂಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬಾಯಿ ತೆರೆದರು.