ಎಂಟು ಅಡಿಯ ನೆಟ್ಟು

"ಇದಕ್ಕೆ ವಸಿ ಗಾಳಿ ಹೊಡ್ಕೊಡಿ."

ಅಂದಾನಿ ತಲೆ ಎತ್ತಲಿಲ್ಲ. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು, ಮುಖ್ತಾರ್ ಅಹಮದರ ಸೈಕಲ್ ಶಾಪಿನಲ್ಲಿ ಕುಕ್ಕರುಗಾಲಲ್ಲಿ ಕೂತು ಗಾಳಿ ಹೊಡೆಯುವವನಿಗೆ ಕಾಣುವುದು ಚಕ್ರ ಮಾತ್ರ. ಆದರೆ ಇಲ್ಲಿ ಚಕ್ರವೇ ಇರಲಿಲ್ಲ. ಕಣ್ಣಿಗೆ ಬಿದ್ದದ್ದು ಮೆತ್ತಗಾದ ಒಂದು ವಾಲಿಬಾಲು, ಅದನ್ನು ಹಿಡಿದಿದ್ದ ಕೈಯಲ್ಲಿ ಹಸಿರು ಗಾಜಿನ ಬಳೆ.

"ಯಾರ್ದು ಬಾಲು? ಅಣ್ಣಂದಾ, ತಮ್ಮಂದಾ?"

"ನಂದು."

ಆಗ ತಲೆ ಎತ್ತಿದ. ಎರಡು ಜಡೆ, ಬಿಸಿಲಿಗೆ ಕೆಂಪಾದ ಮೂಗು. ನೋಡಿದರೆ ನೋಡುತ್ತಲೇ ಇರುವ, ಮೊದಲು ತಾನು ಬಗ್ಗದ ಕಣ್ಣು.

"ಬಳೆ ಹಾಕ್ಕೊಂಡು ವಾಲಿಬಾಲ್ ಆಡ್ತೀರಾ?"

"ನೀವು ಗಾಳಿ ಹೊಡಿಯೋದು ಪಂಪಿಂದಾನಾ, ಬಾಯಿಂದಾನಾ?"

ಒಳಗೆ ರಿಮ್ಮು ತಿರುಗಿಸುತ್ತಿದ್ದ ಮುಖ್ತಾರ್ ಅಹಮದರು ನಕ್ಕ ನಗುವಿಗೆ ಕೆಮ್ಮೇ ಬಂತು. "ಅರೆ ಅಂದಾನಿ, ಇವತ್ತು ನಿಂದೇ ಪಂಚರ್ ಆಗೋಯ್ತಲ್ಲೋ!"

ಅದು ಅರವತ್ತೇಳನೇ ಇಸವಿ. ವಿಶ್ವವಿದ್ಯಾಲಯ ಮೊದಲ ಸಲ ಹೆಣ್ಣುಮಕ್ಕಳ ವಾಲಿಬಾಲ್ ತಂಡ ಕಟ್ಟುತ್ತೇವೆ ಎಂದು ತೀರ್ಮಾನ ಮಾಡಿತ್ತು. ತೀರ್ಮಾನ ಮಾತ್ರ. ಗಂಡು ತಂಡಕ್ಕೆ ಮೈದಾನ, ಕೋಚು, ದಿನಾ ಹಾಲು, ಮೊಟ್ಟೆ. ಹೆಣ್ಣುಮಕ್ಕಳಿಗೆ ಒಂದು ಹಳೇ ಬಾಲು, ಒಂದು ತೇಪೆ ಹಾಕಿದ ನೆಟ್ಟು, ಶಿಬಿರಕ್ಕೆ ರಜದಲ್ಲಿ ಖಾಲಿ ಬಿದ್ದಿದ್ದ ಶ್ರೀರಂಗಪಟ್ಟಣದ ಒಂದು ಸ್ಕೂಲು. ಮ್ಯಾನೇಜರು ಯಾರು? ಗೃಹವಿಜ್ಞಾನ ಹೇಳಿಕೊಡುವ ಅಣ್ಣಮ್ಮ ಮೇಡಂ. ಯಾಕೆ? ಅವರೂ ಹೆಂಗಸು, ಅಷ್ಟೇ ಕಾರಣ. ಹುಡುಗಿಯರೆಲ್ಲ ಅಲ್ಲಿಯವರೆಗೆ ಥ್ರೋಬಾಲ್ ಆಡಿಕೊಂಡಿದ್ದವರು. ಇವತ್ತು ಆ ತಂಡದ ಕಪ್ಪುಗಳ ಪಕ್ಕ ಎದೆ ಉಬ್ಬಿಸಿ ಫೋಟೋ ತೆಗೆಸಿಕೊಳ್ಳುವ ದೊಡ್ಡ ಮನುಷ್ಯರು ಆವತ್ತು ಯಾವ ಬಿಲ ಸೇರಿದ್ದರೋ, ಯಾರಾದರೂ ಕೇಳಬೇಕು.

ಸಾಯಂಕಾಲ ಆಡಲು ಹೋದ ಅಂದಾನಿಗೆ ಸ್ಕೂಲು ಮೈದಾನದಲ್ಲಿ ಅದೇ ಎರಡು ಜಡೆ ಸಿಕ್ಕಿತು. ಆ ಮೈದಾನದ ಕಂಬ ನೆಟ್ಟವನು ಅಂದಾನಿ, ಗೆರೆಗೆ ಸುಣ್ಣ ಹಾಕುವವನೂ ಅವನೇ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಬೆಳಗೊಳದಿಂದ ಪಾಂಡವಪುರದವರೆಗೆ ಅವನ ಸ್ಮ್ಯಾಶು ಗೊತ್ತಿಲ್ಲದ ಆಟಗಾರರಿರಲಿಲ್ಲ.

"ಇದು ನಮ್ಮ ಮೈದಾನ," ಅಂದ.

"ಕಂಬದ ಮೇಲೆ ಹೆಸರು ಬರ್ದಿಲ್ವಲ್ಲ?" ಅಂದಳು ಅವಳು. ಹಾಜರಿ ಪುಸ್ತಕದಲ್ಲಿ ಪುಟ್ಟಲಕ್ಷ್ಮಮ್ಮ, ಬಾಯಲ್ಲಿ ಎಲ್ಲರಿಗೂ ಲಕ್ಷ್ಮಿ. ನಾಗಮಂಗಲದ ತೆಂಗಿನಕಾಯಿ ವ್ಯಾಪಾರಿ ಚೌಡಯ್ಯನವರ ಮಗಳು.

ಅಣ್ಣಮ್ಮ ಮೇಡಂ ಕೈ ಮುಗಿಯುವಂತೆ ನಡುವೆ ಬಂದರು. "ನೋಡಪ್ಪ, ನಿಂಗೆ ಆಟ ಗೊತ್ತಂತೆ. ನಮಗೆ ನೆಟ್ಟು ಕಟ್ಟೋದಕ್ಕೂ ಬರಲ್ಲ. ಎಷ್ಟೆತ್ತರ ಕಟ್ಟಬೇಕು?"

ತನ್ನನ್ನು ಒಬ್ಬ ಲೆಕ್ಚರರು ಪ್ರಶ್ನೆ ಕೇಳಿದ್ದು ಅಂದಾನಿಯ ಜೀವನದಲ್ಲೇ ಮೊದಲು. ಕುತ್ತಿಗೆ ತಾನಾಗಿ ನೆಟ್ಟಗಾಯಿತು.

"ವಾಲಿಬಾಲ್ ಅಂದ್ರೆ ಎಂಟಡಿ ಮೇಡಂ. ರೂಲು."

ಎಂಟಡಿಗೇ ಕಟ್ಟಿದ.

ಹುಡುಗಿಯರು ಮೇಲೆ ನೋಡಿದರು. ದಿಲ್ಷಾದ್ ಎನ್ನುವವಳು ಬೆರಳು ಚಾಚಿ ಹಾರಿದಳು, ನೆಟ್ಟಿನ ಮೇಲಿನ ಪಟ್ಟಿ ಮುಟ್ಟಲಾಗದೆ ಇಳಿದಳು. "ಯಾ ಅಲ್ಲಾ, ಇದನ್ನ ಜಿರಾಫೆ ಆಡ್ಬೇಕು."

"ಆಡೋಕಾಗಲ್ಲ ಅಂದ್ರೆ ಹೇಳ್ಬುಡಿ," ಅಂದ ಅಂದಾನಿ. "ರಂಗೋಲಿ ಹಾಕ್ಕೊಂಡು ಕೂತ್ಕಳಿ."

ಲಕ್ಷ್ಮಿ ಬಳೆಗಳನ್ನು ಒಂದೊಂದಾಗಿ ಕಳಚಿ ಮೇಡಂ ಕೈಗಿಟ್ಟಳು. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಓಡಿ ಬಂದು ಹಾರಿದಳು, ಬಾಲು ನೆಟ್ಟಿಗೆ ಬಿತ್ತು. ಮತ್ತೆ ಹಾರಿದಳು, ಮತ್ತೆ ನೆಟ್ಟು. ಕತ್ತಲಾಗಿ ಬಾಲು ಕಾಣದಾಗುವ ತನಕ ಹಾರಿದಳು. ರಂಗೋಲಿಯ ಮಾತು ಆಡಿದ್ದಕ್ಕೆ ಅಂದಾನಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂತು.

ಮಾರನೆಯ ದಿನದಿಂದ ಶಾಪು ಬೇಗ ಬಿಟ್ಟು ಬರತೊಡಗಿದ. ನೆಟ್ಟಿನ ಆಚೆ ನಿಂತು ಹೇಳಿಕೊಟ್ಟ. "ಬಾಲು ಇಳಿಯೋಕೆ ಮುಂಚೆ ನೀವು ಮೇಲಿರ್ಬೇಕು. ಅದಕ್ಕೆ ನೀವು ಕಾಯ್ಬೇಡಿ, ಅದು ನಿಮಗೆ ಕಾಯ್ಲಿ."

"ಬಾಲೂ ಕಾಯುತ್ತಾ?"

"ಕಾಯೋದು ಎಲ್ಲಾರ್ಗೂ ಬತ್ತದೆ. ಕಲ್ಸೋರು ಬೇಕು, ಅಷ್ಟೆ."

ಲಕ್ಷ್ಮಿ ತುಟಿ ಕಚ್ಚಿಕೊಂಡಳು. ನಗು ಮಾತ್ರ ಕಣ್ಣಿನಿಂದ ತಪ್ಪಿಸಿಕೊಂಡು ಬಂತು.

ಅವಳನ್ನು ಅವನು ಕಂಡದ್ದೆಲ್ಲ ನೆಟ್ಟಿನ ಚೌಕಗಳ ಮೂಲಕವೇ. ಒಂದರಲ್ಲಿ ಕಣ್ಣು, ಇನ್ನೊಂದರಲ್ಲಿ ಬೆವರಿಗೆ ಅಂಟಿದ ಕೂದಲು, ಮತ್ತೊಂದರಲ್ಲಿ ಮಣ್ಣು ಮೆತ್ತಿದ ಗಲ್ಲ. ಇಡೀ ಮುಖ ಕಾಣುತ್ತಿರಲಿಲ್ಲ. ಒಂದು ಸಂಜೆ, ಹೊಳೆ ಕಡೆಯಿಂದ ಗಾಳಿ ಬೀಸುತ್ತಿದ್ದಾಗ, ದಿಲ್ಷಾದ್ ಎತ್ತಿಕೊಟ್ಟ ಬಾಲಿಗೆ ಲಕ್ಷ್ಮಿ ಹಾರಿದಳು. ತಡೆಯಲು ಈಚೆಯಿಂದ ಅಂದಾನಿಯೂ ಹಾರಿದ. ಪಟ್ಟಿಯ ಮೇಲೆ, ಏನೂ ಅಡ್ಡವಿಲ್ಲದೆ, ಅವಳ ಎರಡು ಕಣ್ಣು ಅವನ ಕಣ್ಣಿನ ಎದುರಿಗೇ ಬಂದವು.

ಕೈ ಎತ್ತುವುದನ್ನೇ ಅವನು ಮರೆತ. ಬಾಲು ಬಂದು ಸರಿಯಾಗಿ ಹಣೆಗೆ ಬಡಿಯಿತು.

"ಅಯ್ಯೋ, ನೋವಾಯ್ತಾ?"

"ಆಗ್ಲಿ ಬುಡಿ," ಅಂದ ನೆಲದ ಮೇಲೆ ಕೂತೇ. "ಇನ್ನೊಂದ್ಸಲ ಹಾರಿ."

ಶಿಬಿರ ಮುಗಿಯುವ ಹೊತ್ತಿಗೆ ಚೌಡಯ್ಯನವರು ನಾಗಮಂಗಲದ ಬಸ್ಸಿನಿಂದ ಕಾಯಿ ಮೂಟೆ ಇಳಿಸಿಕೊಂಡು ಬಂದರು. ಮೂಟೆ ಮೇಡಂಗೆ, ಮಾತು ಮಗಳಿಗೆ.

"ಊರಲ್ಲಿ ಎಲ್ಲಾ ಕೇಳ್ತಾವ್ರೆ ಕಣವ್ವ. ಚೌಡಯ್ಯನ ಮಗಳು ಕುಣಿಯೋಕೆ ಹೋಗವ್ಳಾ ಅಂತ. ಮೊದಲ್ನೇ ಮ್ಯಾಚು ಸೋತ್ರೆ ಈ ತಂಡಾನೇ ಇರಕ್ಕಿಲ್ಲ ಅಂತ ನಿಮ್ಮ ಮೇಡಂ ಬಾಯಲ್ಲೇ ಬಂತು. ಅಂಗಾದ್ರೆ ನೀನೂ ಮನೆಗ್ ಬಾ. ಹೊಸಹೊಳಲಿನೋರು ಹೆಣ್ಣು ನೋಡೋಕೆ ಕಾಯ್ತಾವ್ರೆ. ಗೆದ್ರೆ ಬಿ.ಎ. ಮುಗ್ಸು, ಆಟಾನೂ ಆಡ್ಕೋ. ನಾನು ಅಡ್ಡ ಬರಕ್ಕಿಲ್ಲ."

"ಮಾತು?"

"ಮಾತು."

ಅಂದಾನಿ ಕಂಬದ ಹಗ್ಗ ಬಿಗಿಯುವವನಂತೆ ನಟಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ. ಹೊಸಹೊಳಲಿನ ಹೆಸರು ಕಿವಿಗೆ ಬಿದ್ದಾಗ ಹಗ್ಗ ಇನ್ನಷ್ಟು ಬಿಗಿಯಾಯಿತು.

ಕೊನೆಯ ಸಂಜೆ ಲಕ್ಷ್ಮಿ ಬಾಲಿನ ಧೂಳು ಒರೆಸುತ್ತ ಕೇಳಿದಳು. "ಮೈಸೂರಿಗೆ ಮ್ಯಾಚು ನೋಡೋಕೆ ಬರ್ತೀರಾ?"

"ಹೆಣ್ಮಕ್ಕಳ ಕಾಲೇಜು. ಗಂಡಸ್ರನ್ನ ಒಳಕ್ಕೆ ಬುಡಕ್ಕಿಲ್ವಂತೆ."

"ಒಳಕ್ಕೆ ಬಿಡಲ್ಲ ಅಂದ್ರು. ಬರಬಾರದು ಅಂದ್ರಾ?"

ಅವನಿಗೆ ಏನೇನೋ ಹೇಳಬೇಕಿತ್ತು. ಹೊರಟದ್ದು ಇಷ್ಟೇ. "ನಾನು ಏಳ್ನೇ ಕ್ಲಾಸು ಕಣ್ರೀ."

"ನಾನು ಅದನ್ನ ಕೇಳಿದ್ನಾ?" ಅಂದವಳೇ ಬಾಲನ್ನು ಅವನ ಎದೆಗೆಸೆದು ಹೋದಳು.

ಮೈಸೂರಿನ ಆ ಕಾಲೇಜಿನ ಕಾಂಪೌಂಡು ಗೋಡೆ ಆಳೆತ್ತರಕ್ಕೂ ಮಿಗಿಲು. ಗೇಟಿನಲ್ಲಿ ಚಿಕ್ಕಬೋರಮ್ಮ ಎಂಬ ಆಯಾ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮಗಳ ಆಟ ಎಂದರೂ ಚೌಡಯ್ಯನವರನ್ನು ಬಿಡಲಿಲ್ಲ. ಹೀಗಾಗಿ ಗೋಡೆಯ ಹೊರಗೆ, ಹೊಂಗೆ ಮರದ ನೆರಳಿನಲ್ಲಿ ಇಬ್ಬರು ಗಂಡಸರು. ಒಬ್ಬರು ಕೊಡೆ ಹಿಡಿದ ಅಪ್ಪ, ಇನ್ನೊಬ್ಬ ಇಸ್ತ್ರಿ ಮಾಡಿದ ಒಂದೇ ಶರ್ಟಿನ ಅಂದಾನಿ.

"ನೀನು ಆ ಸೈಕಲ್ ಶಾಪಿನೋನಲ್ವಾ?"

"ಔದು ಕಣಣ್ಣೋ. ಗೌಡ್ರೆ," ಎಂದು ತಿದ್ದಿಕೊಂಡ.

"ನಿಂಗೇನ್ಲಾ ಇಲ್ಲಿ ಕೆಲ್ಸ?"

ಒಳಗೆ ಸೀಟಿ ಕೇಳಿಸಿತು. ಅಂದಾನಿ ಬಚಾವಾದ.

ಗೋಡೆಗೆ ಕಿವಿ ಕೊಟ್ಟ. ಲಕ್ಷ್ಮಿಯ ಹೊಡೆತದ ಸದ್ದು ಸಾವಿರದಲ್ಲಿ ಗೊತ್ತು ಅವನಿಗೆ. ಬಂತು ಆ ಸದ್ದು. ಅದರ ಹಿಂದೆ ಬಾಲು ನೆಲಕ್ಕೆ ಬೀಳುವ ಸದ್ದು ಬರಬೇಕಿತ್ತು. ಬರಲಿಲ್ಲ. ನಗು ಬಂತು. ಮತ್ತೆ ಹೊಡೆತ, ಮತ್ತೆ ನಗು. ಎದುರಾಳಿಗಳ ಚಪ್ಪಾಳೆಯಲ್ಲಿ ಮೊದಲ ಗೇಮು ಹೋಯಿತು. ಎರಡನೆಯದು ಶುರುವಾದ ಮೇಲೆ ಒಂದು ಬಾಲು ಗೋಡೆ ಹಾರಿ ಬಂದು ಚೌಡಯ್ಯನವರ ಕೊಡೆಗೇ ಬಡಿಯಿತು.

ಬಾಲು ಹುಡುಕಿಕೊಂಡು ಗೇಟಿಗೆ ಓಡಿ ಬಂದ ದಿಲ್ಷಾದಳ ಕಣ್ಣಲ್ಲಿ ನೀರು. "ಅಂದಾನಣ್ಣ, ನೆಟ್ಟು ತಗ್ಗಲ್ಲಿ ಐತೆ! ತಪ್ಪು ಕಟ್ಟಿದ್ದೀರಿ ಅಂತ ಮೇಡಂ ಕಾಲೇಜಿನೋರ ಜೊತೆ ಜಗಳಾನೇ ಆಡಿದ್ರು. ಹೆಂಗಸ್ರ ನೆಟ್ಟು ಏಳಡಿ ಚಿಲ್ರೆ ಅಂತೆ, ಎಂಟಡಿ ಗಂಡಸ್ರದಂತೆ. ರೆಫ್ರೀನೂ ನಕ್ಬುಟ್ರು. ಲಕ್ಷ್ಮಿ ಹೊಡೆದಿದ್ದೆಲ್ಲ ಗೆರೆ ದಾಟಿ ಹೋಗ್ತಾ ಐತೆ. ಕೈ ಕಾಲೇ ಆಡ್ತಿಲ್ಲ ಅವಳಿಗೆ."

ಬಾಲು ಕಸಿದುಕೊಂಡು ಅವಳು ಓಡಿದಳು. ಅಂದಾನಿ ಗೋಡೆಗೆ ಒರಗಿದ. ಎಂಟಡಿ, ರೂಲು ಅಂದವನು ತಾನೇ. ಹೆಂಗಸರಿಗೆ ಬೇರೆ ನೆಟ್ಟು ಇರುತ್ತದೆ ಎಂದು ಕನಸಲ್ಲೂ ಯೋಚಿಸಿರಲಿಲ್ಲ. ಅವನ ದೊಡ್ಡಸ್ತಿಕೆ ಅವಳ ಓದು ತಿಂದಿತು, ಆಟ ತಿಂದಿತು. ಇನ್ನು ಸ್ವಲ್ಪ ಹೊತ್ತಿಗೆ ಅವಳನ್ನು ಹೊಸಹೊಳಲಿಗೆ ಕಳಿಸಿಬಿಡುತ್ತದೆ.

ಹಾಗೆಂದು ಹಣೆ ಚಚ್ಚಿಕೊಳ್ಳುವಾಗಲೇ ಇನ್ನೊಂದು ಹೊಳೆಯಿತು. ಎಂಟಡಿಯ ಮೇಲೆ ಕಣ್ಣು ತಂದವಳು. ಈ ನೆಟ್ಟಿಗೆ ಅವಳ ಎದೆಯೇ ಮೇಲೆ ಬರುತ್ತದೆ!

ಹೊಂಗೆ ಮರ ಹತ್ತಿದ. ಕೊಂಬೆಯಿಂದ ಗೋಡೆಯ ಮೇಲೆ ಕಾಲಿಟ್ಟು ನಿಂತ. ಹೆಣ್ಣುಮಕ್ಕಳ ಕಾಲೇಜಿನ ಗೋಡೆಯ ಮೇಲೆ ಒಬ್ಬ ಗಂಡಸು! ಒಳಗೆ ಹೋ ಎಂದು ಚೀರಿದರು. ಚಿಕ್ಕಬೋರಮ್ಮ ಪೊರಕೆ ಹಿಡಿದು ಓಡಿ ಬಂದಳು.

"ಲಕ್ಷ್ಮೀ!" ಎಂದು ಕೂಗಿದ. ಅಲ್ಲಿಯವರೆಗೆ ಬಹುವಚನ ಬಿಟ್ಟು ಮಾತಾಡದವನು. "ನೆಟ್ಟು ತಗ್ಗಿಲ್ಲ ಕಣೇ, ನೀನು ಎತ್ತರ ಆಗಿದ್ದೀಯ! ತಪ್ಪು ನಂದು! ಕೆಳಕ್ಕೆ ಹೊಡಿ! ಅವ್ರ ಕಾಲ್ಬುಡಕ್ಕೆ ಹೊಡಿ!"

ಲಕ್ಷ್ಮಿ ತಿರುಗಿ ನೋಡಿದಳು. ಇಡೀ ಕಾಲೇಜು ಅವಳನ್ನು ನೋಡಿತು. ಅವಳು ಮಾತ್ರ ಅವನನ್ನು ನೋಡಿ, ನಿಧಾನವಾಗಿ, ಸೆರಗನ್ನು ಮತ್ತೊಮ್ಮೆ ಬಿಗಿದಳು.

ಅಷ್ಟರಲ್ಲಿ ಚೌಡಯ್ಯನವರು ಕೊಡೆಯ ಹಿಡಿಯನ್ನು ಅವನ ಕಾಲಿಗೆ ಸಿಕ್ಕಿಸಿ ಎಳೆದರು. "ಇಳೀಲಾ ಕೆಳಕ್ಕೆ! ಯಾರ ಮಗಳನ್ನ ಏನಂತ ಕರೀತಿದ್ದೀಯಾ?"

ಅಂದಾನಿ ಧೂಳಿಗೆ ಬಿದ್ದ. ಬಿದ್ದವನ ಕೊರಳಪಟ್ಟಿಗೆ ಚೌಡಯ್ಯನವರ ಕೈ ಬಿತ್ತು. ಆಗ ಗೋಡೆಯಾಚೆ ಆ ಸದ್ದು, ಅದರ ಬೆನ್ನಿಗೇ ಬಾಲು ನೆಲ ಸೀಳುವ ಸದ್ದು. ಎರಡರ ನಡುವೆ ಉಸಿರಿಗೂ ಜಾಗವಿಲ್ಲ.

"ಅದೇನ್ಲಾ?" ಅಂದರು ಚೌಡಯ್ಯ, ಪಟ್ಟಿ ಬಿಡದೆ.

"ನಿಮ್ಮ ಮಗಳು ಗೌಡ್ರೆ."

ಮತ್ತೆ ಬಂತು. ಮತ್ತೆ. ನಗು ನಿಂತುಹೋಯಿತು. ಪ್ರತಿ ಸದ್ದಿಗೂ ಚೌಡಯ್ಯನವರ ಕೈ ಸ್ವಲ್ಪ ಸಡಿಲವಾಯಿತು. ಎರಡನೇ ಗೇಮು ಮುಗಿಯುವಾಗ ಅದು ಅಂದಾನಿಯ ಭುಜದ ಮೇಲಿತ್ತು. ಮೂರನೆಯದರಲ್ಲಿ ಇಬ್ಬರೂ ಗೋಡೆಗೆ ಕಿವಿ ಅಂಟಿಸಿಕೊಂಡು ನಿಂತಿದ್ದರು. ಕೊನೆಯ ಸೀಟಿ ಊದಿದಾಗ ಒಳಗೆ ಎದ್ದ ಕೂಗು ಯಾರದೆಂದು ಕೇಳಬೇಕಾಗಿರಲಿಲ್ಲ. ದಿಲ್ಷಾದಳ ಗಂಟಲು ಗೋಡೆಯನ್ನೇ ಬೀಳಿಸುವಂತಿತ್ತು.

ಗೇಟಿಗೆ ಮೊದಲು ಬಂದವರು ಅಣ್ಣಮ್ಮ ಮೇಡಂ. ಗೆದ್ದ ಖುಷಿ ಒಂದು ಕಣ್ಣಲ್ಲಿ, ಸಿಟ್ಟು ಇನ್ನೊಂದರಲ್ಲಿ. "ಅಂದಾನಿ, ಏನಯ್ಯಾ ಇದು! ಇಡೀ ಕಾಲೇಜಿನ ಮುಂದೆ ಹುಡುಗಿ ಮಾನ ಕಳೆದ್ಯಲ್ಲಾ? ಅವಳಿಗೆ ನೀನು ಏನಾಗ್ಬೇಕು?"

ಅಂದಾನಿ ತಲೆ ತಗ್ಗಿಸಿದ. ಅವರ ಹಿಂದೆಯೇ ಬಂದ ಲಕ್ಷ್ಮಿಗೆ ಮೊಣಕೈ ತರಚಿತ್ತು, ಮುಖವೆಲ್ಲ ಮಣ್ಣು. ಈ ಸಲ ನಡುವೆ ನೆಟ್ಟಿರಲಿಲ್ಲ.

"ಗಂಡ ಆಗ್ಬೇಕು ಮೇಡಂ," ಅಂದಳು. "ಓದು ಮುಗಿದ್ಮೇಲೆ. ಅವರು ಒಪ್ಪಿದ್ರೆ."

ಅವನು ಶರ್ಟಿಗೆ ಮೆತ್ತಿದ ಧೂಳು ಕೊಡವತೊಡಗಿದ.

"ಮರ ಹತ್ತಿ ಕೂಗೋಕೆ ಬಾಯಿ ಇತ್ತು," ಅಂದಳು. "ಈಗ ಇಲ್ವಾ?"

"ಒಪ್ಪಿಗೆ," ಅಂದ. "ನಿನ್ನ ಹಾಳು ಮಾಡ್ಬುಡ್ತಿದ್ದೆ ಲಕ್ಷ್ಮಿ."

"ಗಂಡಸ್ರ ನೆಟ್ಟು ಅಂತ ಮೊದಲೇ ಗೊತ್ತಿದ್ರೆ ನಾವು ಯಾರೂ ಹಾರ್ತಾನೇ ಇರ್ಲಿಲ್ಲ."

ಚೌಡಯ್ಯನವರು ಕೆಮ್ಮಿದರು. "ಗೆದ್ರೆ ಆಟಕ್ಕೆ ಅಡ್ಡ ಬರಕ್ಕಿಲ್ಲ ಅಂದಿದ್ದೆ ಕಣವ್ವ. ಮದ್ವೆ ವಿಚಾರ ಆ ಮಾತಲ್ಲಿರ್ಲಿಲ್ಲ."

"ಈಗ ಸೇರಿಸ್ಕಳಿ ಅಪ್ಪಯ್ಯ."

ಅವರು ಮಗಳ ತರಚಿದ ಮೊಣಕೈ ಹಿಡಿದು, ಅದರ ಮಣ್ಣನ್ನು ತಮ್ಮ ಪಂಚೆಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಮತ್ತೆ ಅಂದಾನಿಯ ಕಡೆ ತಿರುಗಿದರು.

"ನಾಳೇನೂ ಮ್ಯಾಚೈತಂತೆ. ಬತ್ತೀಯೇನ್ಲಾ?"

"ಬತ್ತೀನಿ ಗೌಡ್ರೆ."

"ಬಾ. ಆದ್ರೆ ಬಾಯಿ ಮುಚ್ಕೊಂಡಿರ್ಬೇಕು. ಅವಳು ನನ್ನ ಮಗಳು ಕಣ್ಲಾ. ನಾಳೆ ನಾನು ಕೂಗ್ತೀನಿ."