ಅರ್ಧ ಸತ್ತ ಸೆಲ್

ಮಾವನ ಮನೆಯಲ್ಲಿ ಮಗುವಿನ ಹೆಸರಿಡುವ ಶಾಸ್ತ್ರದ ದಿನ, ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬಂದ ಹೆಂಡತಿಯ ತಮ್ಮ ಮಲ್ಲಿಕ್, ಜಂಬಣ್ಣನ ಎಲೆಯ ಮುಂದೆ ನಿಂತು ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ. "ನಮ್ ಭಾವ ಊರಿನವರ ಕಾರಿನ ಬಾಗ್ಲೆಲ್ಲ ತೆಗೀತಾರೆ. ಕೂರೋದು ಮಾತ್ರ ಸ್ಕೂಟರ್ ಮೇಲೆ."

ಸಾಲು ನಕ್ಕಿತು. ಸ್ವಂತ ಹೆಂಡತಿ ತನುಜಾಳೂ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಅವತ್ತು ಗಂಟಲಲ್ಲಿ ಸಿಕ್ಕಿಕೊಂಡ ಹೋಳಿಗೆ ತಿಂಗಳಾದರೂ ಕೆಳಗಿಳಿದಿರಲಿಲ್ಲ.

ಶಿವಮೊಗ್ಗದ ವಿನೋಬನಗರದಲ್ಲಿ ಜಂಬಣ್ಣನದು ಕೀ ಅಂಗಡಿ. ಕಾರಿನ ರಿಮೋಟ್ ಕೀ ಕೆಟ್ಟರೆ ಜನ ಅವನ ಹತ್ತಿರವೇ ಬರುತ್ತಿದ್ದರು. ಯಾರ ಕಾರು ಹೇಗಿದೆ, ಯಾರು ತೊಳೆಯುತ್ತಾರೆ, ಯಾರು ತೊಳೆದ ಹಾಗೆ ಮಾಡುತ್ತಾರೆ ಎಲ್ಲ ಅವನಿಗೆ ಗೊತ್ತು. ಹಾಗಾಗಿಯೇ, ಒಂದು ಶನಿವಾರ ಅಂಗಡಿ ಮುಂದೆ ಬಂದು ನಿಂತ, ಗೀರೊಂದೂ ಇಲ್ಲದ ಕೆಂಪು ಕಾರನ್ನು ನೋಡಿ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

ಕಾರು ಭದ್ರಾವತಿಯ ಬಸವರಾಜೇಶ್ವರಿಯದು. ಗಂಡ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು, ತೀರಿಕೊಂಡು ವರ್ಷ ದಾಟಿತ್ತು. ಈಕೆ ಅರವತ್ತು ದಾಟಿದ ಮೇಲೂ ಪ್ರತಿ ಶನಿವಾರ ತಾನೇ ಓಡಿಸಿಕೊಂಡು ವಿದ್ಯಾನಗರದ ತಂಗಿಯ ಮನೆಗೆ ಬರುವವಳು. ಕೀ ಒತ್ತಿದರೆ ಬಾಗಿಲು ತೆಗೆಯುತ್ತಿಲ್ಲ ಅಂದಳು. ಜಂಬಣ್ಣ ಕೀ ಬಿಚ್ಚಿದ, ಒಳಗಿದ್ದ ನಾಣ್ಯದಂಥ ಸೆಲ್ ಮೀಟರಿಗೆ ಹಿಡಿದ, "ಸತ್ತೋಗಿದೆ ಅಕ್ಕ" ಅಂದ, ಹೊಸದು ಹಾಕಿದ. ಹಳೆಯದು ಮೇಜಿನ ಕೆಳಗಿನ ಬಿಸ್ಕತ್ತಿನ ಡಬ್ಬಕ್ಕೆ ಬಿತ್ತು. ಅಲ್ಲಿಯವರೆಗೆ ಅವನು ಪ್ರಾಮಾಣಿಕನೇ.

ಆಮೇಲೆ ಬಾನೆಟ್ ಎತ್ತಿ ನೋಡಿದ. ನೋಡಬಾರದಿತ್ತು. ಒಳಗೆ ಅನ್ನ ಬಡಿಸಿಕೊಂಡು ತಿನ್ನಬಹುದು, ಅಷ್ಟು ಚೊಕ್ಕ. ಆ ಫೋರ್‌ಮನ್ ಪುಣ್ಯಾತ್ಮ ಪೆನ್ನಿನಷ್ಟುದ್ದದ ಉಕ್ಕಿನ ಸೂಜಿಯಲ್ಲಿ, ಕಾರಿಗೆ ಏನು ಹಾಕಿದರೂ ಅದರ ಮೇಲೆ ಹಾಕಿದ ದಿನ ಗೀಚಿಡುತ್ತಿದ್ದನಂತೆ. ದೊಡ್ಡ ಬ್ಯಾಟರಿಯ ಮೇಲೆ ತಾರೀಕು, ಫಿಲ್ಟರಿನ ಮೇಲೆ ತಾರೀಕು, ವೈಪರಿನ ಮೇಲೆ ತಾರೀಕು. ಡಿಕ್ಕಿಯಲ್ಲಿದ್ದ ಛತ್ರಿಯ ಹಿಡಿಯ ಮೇಲೂ ತಾರೀಕು. ಇಷ್ಟು ಲೆಕ್ಕವಾಗಿ ಸಾಕಿದ ಕಾರು ಇನ್ನೊಂದು ಈ ಜಿಲ್ಲೆಯಲ್ಲೇ ಇಲ್ಲ ಅಂತ ಜಂಬಣ್ಣನಿಗೆ ಖಾತ್ರಿಯಾಯಿತು. ಮಾರ್ತೀರಾ ಅಂತ ಕೇಳಿದ. ಅವರ ನೆನಪಿಗೆ ಇರೋದು ಇದೊಂದೇ, ಮಾರಲ್ಲ ಅಂದಳು.

ಮಧ್ಯಾಹ್ನ ಬುತ್ತಿ ಬಿಚ್ಚಿದವನಿಗೆ ಉಪಾಯ ಹೊಳೆಯಿತು. ಕಾರು ಕದಿಯುವುದು ದಡ್ಡರ ಕೆಲಸ. ಕ್ಯಾಮೆರಾ, ಪೊಲೀಸು, ನೂರೆಂಟು ರಗಳೆ. ಒಡತಿಯೇ ಬೇಜಾರಾಗಿ, ತಗೊಂಡು ಹೋಗು ಮಾರಾಯ ಅಂತ ಕೈಗಿಟ್ಟರೆ ಅದನ್ನು ಕಳವು ಅನ್ನುವವರು ಯಾರು?

ಬೇಕಾದ ಹತಾರ ಬಿಸ್ಕತ್ತಿನ ಡಬ್ಬದಲ್ಲೇ ಇತ್ತು. ಊರಿನವರೆಲ್ಲರ ಹಳೇ ಸೆಲ್‌ಗಳು. ಪೂರ್ತಿ ಸತ್ತ ಸೆಲ್ ಹಾಕಿದರೆ ಅಂಗಡಿ ಮುಂದೆಯೇ ಸಿಕ್ಕಿಬೀಳುತ್ತಾನೆ. ಹೊಸದು ಹಾಕಿದರೆ ಎರಡು ವರ್ಷ ಕಾಯಬೇಕು. ಬೇಕಾದದ್ದು ಅರ್ಧ ಸತ್ತದ್ದು. ಡಬ್ಬದಲ್ಲಿ ಒಂದು ವಾರ ಮಲಗಿದ ಸೆಲ್ ಚೂರು ಚೇತರಿಸಿಕೊಂಡು ಎರಡು ಮೂರು ದಿನ ಕೆಲಸ ಮಾಡಿ ಮತ್ತೆ ಕಣ್ಣು ಮುಚ್ಚುತ್ತದೆ ಅನ್ನುವುದು ಅವನ ಹದಿನೆಂಟು ವರ್ಷದ ಕಸುಬು ಕಲಿಸಿದ ಪಾಠ. ಒಂದೊಂದನ್ನೂ ಮೀಟರಿಗೆ ಹಿಡಿದು, ಹೆಣ್ಣು ನೋಡಲು ಹೋದವರ ಹಾಗೆ ಆರಿಸಿದ.

ಮುಂದಿನ ಶನಿವಾರ ಕೀ ಒಳಗೆ ಧೂಳು ತೆಗೆದುಕೊಡುತ್ತೇನೆ ಅಂತ ಪುಕ್ಕಟೆ ಸೇವೆ ಮಾಡಿದ. ಸೆಲ್ ಬದಲಾಯಿತು. ಮಂಗಳವಾರ ಭದ್ರಾವತಿಯ ಸಂತೆಯ ಹತ್ತಿರ, ಎರಡು ಚೀಲ ತರಕಾರಿ ಹಿಡಿದುಕೊಂಡು ಬಸವರಾಜೇಶ್ವರಿ ಬಿಸಿಲಲ್ಲಿ ನಿಂತಳು. ಕಾರು ಜಪ್ಪಯ್ಯ ಅಂದರೂ ಬಾಗಿಲು ಬಿಚ್ಚಲಿಲ್ಲ. ಫೋನ್ ಮಾಡಿದ್ದು ಯಾರಿಗೆ? ಜಂಬಣ್ಣನಿಗೇ. ಅವನು ಸ್ಕೂಟರಿನಲ್ಲಿ ಓಡೋಡಿ ಹೋಗಿ ಕಾಪಾಡಿದ, ದುಡ್ಡು ಬೇಡ ಅಂದ, ಅವಳ ಮನೆಯಲ್ಲಿ ಮಂಡಕ್ಕಿ ತಿಂದ, ಹೊರಡುವ ಮುಂಚೆ ಇನ್ನೊಂದು ಅರ್ಧ ಸತ್ತದ್ದನ್ನು ಹಾಕಿ ಬಂದ.

ಕೀಯನ್ನು ಸ್ಟಾರ್ಟ್ ಬಟನ್ನಿಗೇ ಒತ್ತಿ ಹಿಡಿದರೆ, ಸೆಲ್ ಸತ್ತಿದ್ದರೂ ಕಾರು ಹೊರಡುತ್ತದೆ. ಅದನ್ನು ಅವಳು ಯಾರಿಂದಲೋ ಕೇಳಿಕೊಂಡು ಬಂದಾಗ, ಹಾಗೆ ಮಾಡಿದರೆ ಕಾರಿನ ಕಂಪ್ಯೂಟರ್ ಸುಟ್ಟು ಬೂದಿಯಾಗುತ್ತದೆ ಅಂತ ಹೆದರಿಸಿದ. ಎರಡನೇ ಕೀಯನ್ನೂ ತರಿಸಿಕೊಂಡು ಅಂಗಡಿಯಲ್ಲಿಟ್ಟುಕೊಂಡ. ಎರಡು ಕೀ ಒಂದೇ ಮನೆಯಲ್ಲಿದ್ದರೆ ಸವತಿಯರ ಹಾಗೆ ಕಿತ್ತಾಡಿ ಸೆಲ್ ಖಾಲಿ ಮಾಡುತ್ತವಂತೆ. ಅವಳು ಅದನ್ನೂ ನಂಬಿದಳು. ಧೈರ್ಯ ಬಂತು ನೋಡಿ, ಒಂದು ಮೆಟ್ಟಿಲು ಮೇಲೆ ಹತ್ತಿದ.

"ನಿಮ್ಮೂರಿನ ಗಾಳೀಲಿ ಕಬ್ಬಿಣದ ಪುಡಿ ಇದೆ ಅಕ್ಕ. ಅದು ಸಿಗ್ನಲ್ ಎಳ್ಕೊಂಡ್‌ಬಿಡುತ್ತೆ."

"ಮೂವತ್ತು ವರ್ಷ ಅದೇ ಗಾಳೀಲಿ ನಮ್ಮನೆ ರೇಡಿಯೋ ಹಾಡ್ತಿತ್ತಲ್ಲ ಮಾರಾಯ."

"ಅದು ಹಳೇ ಕಾಲದ ಸಿಗ್ನಲ್. ಗಟ್ಟಿ ಇತ್ತು" ಅಂದ ಜಂಬಣ್ಣ, ಕಣ್ಣು ಮಿಟುಕಿಸದೆ.

ಮೂರು ತಿಂಗಳಲ್ಲಿ ಅವಳು ಸೊಸೈಟಿ ಮುಂದೆ ನಿಂತಳು, ಆಸ್ಪತ್ರೆ ಮುಂದೆ ನಿಂತಳು, ಒಮ್ಮೆ ಮದುವೆಮನೆಯ ಮುಂದೆ ಮುಯ್ಯಿಯ ಪಾತ್ರೆ ಕಾರೊಳಗೇ ಬಿಟ್ಟು ಬರಿಗೈಲಿ ನಿಂತಳು. ಪ್ರತಿ ಸಲವೂ ಜಂಬಣ್ಣ ಬಂದ, ಅವಳ ಕಣ್ಣೆದುರೇ ಕೀ ಬಿಚ್ಚಿದ, ನಿಟ್ಟುಸಿರು ಬಿಟ್ಟ. ಕೊನೆಗೆ, ಹೇಳಲು ಬಾಯಿ ಬರದವನ ಹಾಗೆ, ಕಾರಿನ ಮಿದುಳೇ ಹೋಗಿದೆ ಅಂದ. ಗುಜರಿಯವರು ಕೊಡುವುದಕ್ಕಿಂತ ಚೂರು ಹೆಚ್ಚು ಕೊಟ್ಟು ತಾನೇ ಇಟ್ಟುಕೊಳ್ಳುತ್ತೇನೆ, ನಿಮ್ಮ ಯಜಮಾನರ ಮೇಲಿನ ಗೌರವಕ್ಕೆ ಅಂದ. ಬಸವರಾಜೇಶ್ವರಿ ಒಂದು ವಾರ ದಿನಾ ಕಾರು ಒರೆಸಿಟ್ಟು, ಆಗಲಿ ಅಂದಳು. ಹೇಳುವಾಗ ಕಣ್ಣಲ್ಲಿ ನೀರಿತ್ತು. ಜಂಬಣ್ಣನಿಗೂ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಹೋಳಿಗೆ ಇನ್ನೂ ಗಂಟಲಲ್ಲೇ ಇತ್ತು.

ಕೊನೆಯ ಸೆಲ್ಲನ್ನು ಅವನು ಬಹಳ ಎಚ್ಚರದಿಂದ ಆರಿಸಿದ. ಅವಳು ಭದ್ರಾವತಿಯಿಂದ ಅಂಗಡಿಗೆ ಬರುವಷ್ಟು ಜೀವ ಇರಬೇಕು, ಮನಸ್ಸು ಬದಲಾಯಿಸುವಷ್ಟು ಇರಬಾರದು. ಡಬ್ಬದ ತಳದಲ್ಲಿ ಅಂಥದ್ದೇ ಒಂದು ಸಿಕ್ಕಿತು. ಮೀಟರಿನ ಮುಳ್ಳು ಸರಿಯಾಗಿ ನಡುಮಧ್ಯೆ ನಿಂತಿತು. ಶನಿವಾರ ಅವಳು ಬಂದಾಗ ಅದನ್ನೇ ಕೀಯೊಳಗೆ ಹಾಕಿ ಕಳಿಸಿದ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಅಂಗಡಿ ಮುಂದೆ ಎಲ್ಲ ಸಿದ್ಧ. ತನುಜಾ ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮಲ್ಲಿಕ್‌ನನ್ನು ಜಂಬಣ್ಣ ತಾನೇ ಎರಡು ಸಲ ಫೋನ್ ಮಾಡಿ ಕರೆಸಿದ್ದ. ಕಾರು ಬಂದು ನಿಂತಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಸಹಿ ಒಂದು ಬಾಕಿ. ಬಸವರಾಜೇಶ್ವರಿ ಪೆನ್ನು ಕೈಗೆ ತಗೊಂಡು, ಮತ್ತೆ ಕೆಳಗಿಟ್ಟು, ಚೀಲದಿಂದ ಹೊಸ ಸೆಲ್ಲಿನ ಪ್ಯಾಕೆಟ್ ತೆಗೆದಳು. ಹಳೇ ಸೆಲ್ ಇರುವ ಕೀ ಯಾರ ಕೈಗೂ ಕೊಡಬಾರದು, ಅವರಿದ್ದಿದ್ದರೆ ಬಯ್ಯುತ್ತಿದ್ದರು ಅಂದಳು. ಕೊಡಿ ಅಕ್ಕ, ನಾನು ಹಾಕ್ತೀನಿ ಅಂತ ಜಂಬಣ್ಣ ಕೈ ಚಾಚಿದ.

"ಬೇಡ ಬಿಡು. ನೀನು ಬಿಚ್ಚೋದನ್ನ ನೋಡಿ ನೋಡಿ ನಾನೂ ಕಲ್ತಿದೀನಿ."

ಗಂಡನ ಉಕ್ಕಿನ ಸೂಜಿಯಿಂದಲೇ ಅವಳು ಕೀ ಮೀಟಿದಳು. ಹಳೆಯದನ್ನು ತೆಗೆದು ಹೊಸದು ಕೂರಿಸಿ ಒತ್ತಿದಳು. ಮಿದುಳು ಹೋದ ಕಾರು ಪೀಂಕ್ ಅಂತ ಚಿಕ್ಕ ಮಗುವಿನ ಹಾಗೆ ಓಗೊಟ್ಟಿತು. ಆಮೇಲೆ ಕನ್ನಡಕ ಹಾಕಿಕೊಂಡು, ಅಂಗೈಯಲ್ಲಿದ್ದ ಹಳೇ ಸೆಲ್ಲನ್ನು ಬಿಸಿಲಿಗೆ ತಿರುಗಿಸಿದಳು. ಜಂಬಣ್ಣ ಅದನ್ನು ಮೀಟರಿಗೆ ಹಿಡಿದು ನೋಡಿದ್ದ, ಬೆಳಕಿಗೆ ಹಿಡಿದು ನೋಡಿರಲಿಲ್ಲ. ಕೂದಲೆಳೆಯಷ್ಟು ಸಣ್ಣಗೆ, ಒಪ್ಪವಾಗಿ, ಅದರ ಮೇಲೊಂದು ತಾರೀಕು ಗೀಚಿತ್ತು. "ಹದಿನಾಲ್ಕು, ಎಂಟು, ಇಪ್ಪತ್ಮೂರು" ಅಂತ ಅವಳು ನಿಧಾನಕ್ಕೆ ಓದಿದಳು. "ಇದು ನಮ್ಮೆಜಮಾನ್ರ ಕೈಬರಹ. ಮೊದಲನೇ ದಿನ ಸತ್ತೋಗಿದೆ ಅಂತ ನೀನೇ ತೆಗೆದಿಟ್ಕೊಂಡ್ಯಲ್ಲ ಜಂಬಣ್ಣ, ಅದು ವಾಪಸ್ ಇದರೊಳಗೆ ಹೆಂಗೆ ಬಂತು?" ತನುಜಾ ಆರತಿ ತಟ್ಟೆ ಕೆಳಗಿಟ್ಟಳು. ಮಲ್ಲಿಕ್ ಹತ್ತಿರ ಬಂದು, ಬಗ್ಗಿ, ತಾನೂ ಒಮ್ಮೆ ಆ ತಾರೀಕು ಓದಿಕೊಂಡ. ಕಾರಿನ ಚಕ್ರದ ಕೆಳಗಿದ್ದ ನಿಂಬೆಹಣ್ಣು ತೆಗೆದ, ಹೋಗಿ ಭಾವನ ಸ್ಕೂಟರಿನ ಚಕ್ರದ ಕೆಳಗಿಟ್ಟ.